ಈ ಪ್ಲಸ್ ಯಾವ ಪ್ಲಸ್?

ಹೈಸ್ಕೂಲಿನ ಕನ್ನಡ ವ್ಯಾಕರಣ ನೆನಪಿದೆಯಾ? ಊರು + ಅಲ್ಲಿ = ಊರಲ್ಲಿ. ಮನೆ + ಅನ್ನು = ಮನೆಯನ್ನು. ಮಳೆ + ಕಾಲ = ಮಳೆಗಾಲ. ನಾವೆಲ್ಲ ಬಾಯಿಪಾಠ ಮಾಡಿ ಮಾರ್ಕ್ಸ್ ಗಿಟ್ಟಿಸಿದ ಸಂಧಿಗಳು. ಈಗ ಅವನ್ನೇ ಪ್ರೋಗ್ರಾಮರ್ ಕಣ್ಣಲ್ಲಿ ಇನ್ನೊಂದು ಸಲ ನೋಡಿ. ಮೂರು ಕಡೆಯೂ ಅದೇ ಪ್ಲಸ್ ಚಿಹ್ನೆ. ಆದರೆ ಮೊದಲನೆಯದು ಒಂದು ಸ್ವರವನ್ನು ನುಂಗಿತು, ಎರಡನೆಯದು ಎಲ್ಲೂ ಇಲ್ಲದ ಯಕಾರವನ್ನು ತಂದು ನಡುವೆ ತುರುಕಿತು, ಮೂರನೆಯದು ಕಕಾರವನ್ನು ಗಕಾರ ಮಾಡಿಬಿಟ್ಟಿತು. ಲೋಪ, ಆಗಮ, ಆದೇಶ. ಅದರ ಹಿಂದಿನ ಪೀರಿಯಡ್‌ನಲ್ಲಿ ಗಣಿತದ ಮೇಷ್ಟ್ರು ಅದೇ ಬೋರ್ಡಿನ ಮೇಲೆ ಅದೇ ಚಿಹ್ನೆ ಬರೆದು, ಎ + ಬಿ ಅಂದರೂ ಬಿ + ಎ ಅಂದರೂ ಒಂದೇ ಅಂತ ಹೇಳಿ ಹೋಗಿರುತ್ತಿದ್ದರು. ಕನ್ನಡದ ಮೇಷ್ಟ್ರ ಪ್ಲಸ್ಸಿನಲ್ಲಿ ಮಳೆಯನ್ನೂ ಕಾಲವನ್ನೂ ಅದಲು ಬದಲು ಮಾಡಿ ನೋಡಿ, ಏನಾಗುತ್ತೆ ಅಂತ.

ಇದಕ್ಕೆ ನಮ್ಮ ಫೀಲ್ಡಿನಲ್ಲಿ ಆಪರೇಟರ್ ಓವರ್‌ಲೋಡಿಂಗ್ ಅಂತಾರೆ. ಒಂದೇ ಚಿಹ್ನೆಗೆ, ಅದರ ಎಡಬಲದಲ್ಲಿ ಏನು ಕೂತಿದೆ ಅನ್ನೋದನ್ನು ನೋಡಿ ಬೇರೆ ಬೇರೆ ಕೆಲಸ ಹಚ್ಚುವುದು. ಎರಡು ಸಂಖ್ಯೆ ಇದ್ದರೆ ಕೂಡು, ಎರಡು ಪದ ಇದ್ದರೆ ಅಂಟಿಸು, ಎರಡು ಪಟ್ಟಿ ಇದ್ದರೆ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟು. ಸಿ ಪ್ಲಸ್ ಪ್ಲಸ್, ಪೈಥಾನ್, ಸಿ ಶಾರ್ಪ್, ಕಾಟ್ಲಿನ್, ರಸ್ಟ್, ಸ್ವಿಫ್ಟ್ ಇವೆಲ್ಲ ಒಂದು ಹೆಜ್ಜೆ ಮುಂದೆ ಹೋಗಿ, 'ನೀನು ಸೃಷ್ಟಿಸಿದ ವಸ್ತುವಿಗೆ ಪ್ಲಸ್ ಅಂದರೆ ಏನು ಅಂತ ನೀನೇ ಹೇಳಪ್ಪ' ಅಂತ ಪ್ರೋಗ್ರಾಮರ್ ಕೈಗೇ ಬೀಗದ ಕೈ ಕೊಡುತ್ತವೆ. ಕೊಟ್ಟ ಮೇಲೆ ಮುಗೀತಲ್ಲ.

ಒಂದು ವಿಷಯ ಗಮನಿಸಿ. ನಮ್ಮ ಕನ್ನಡದ ಮೇಷ್ಟ್ರು 'ಮಳೆಗಾಲ' ಅಂತ ಬರೆದರಷ್ಟೇ ಪೂರ್ತಿ ಮಾರ್ಕ್ಸ್ ಕೊಡುತ್ತಿರಲಿಲ್ಲ. 'ಯಾವ ಸಂಧಿ ಅಂತ ಬರಿಯೋ' ಅನ್ನುತ್ತಿದ್ದರು. ಚಿಹ್ನೆ ಒಂದೇ ಆದರೂ ನಡೆದ ಕೆಲಸದ ಹೆಸರು ಪಕ್ಕದಲ್ಲೇ ಇರಬೇಕಿತ್ತು. ಕೋಡ್‌ನಲ್ಲಿ ಆ ಹೆಸರನ್ನು ಬರೆಯುವವರೂ ಇಲ್ಲ, ಕೇಳುವವರೂ ಇಲ್ಲ.

'ಭಾಷೆ ಅಂದಮೇಲೆ ಒಂದು ಪದಕ್ಕೆ ಹತ್ತು ಅರ್ಥ ಇರೋದಿಲ್ವಾ?' ಅಂತ ಕೇಳಬಹುದು. ಇರುತ್ತೆ. ನಮ್ಮ 'ಹಾಕು' ನೋಡಿ. ಬಟ್ಟೆ ಹಾಕ್ತೀವಿ, ಊಟ ಹಾಕ್ತೀವಿ, ಬೀಗ ಹಾಕ್ತೀವಿ, ಓಟು ಹಾಕ್ತೀವಿ, ಲೈಟ್ ಹಾಕ್ತೀವಿ, ಶಾಪ ಹಾಕ್ತೀವಿ. ಕೋಳಿ ಮೊಟ್ಟೆ ಹಾಕುತ್ತೆ. 'ಹೊಡಿ' ಅಂತೂ ಇನ್ನೂ ಘೋರ. ಬಣ್ಣ ಹೊಡಿ, ಔಷಧಿ ಹೊಡಿ, ಗಾಡಿ ಹೊಡಿ, ಬಿಸಿಲು ಹೊಡೀತಿದೆ, ಶುಕ್ರವಾರ ಸಂಜೆ ಎಣ್ಣೆ ಹೊಡಿ. ನಮ್ಮೂರಲ್ಲಿ 'ಖಂಡುಗ' ಅಂದರೆ ರಾಗಿಯ ಅಳತೆಯೂ ಹೌದು, ಗದ್ದೆಯ ಅಳತೆಯೂ ಹೌದು. ಯಾರೂ ಗದ್ದೆಯನ್ನು ಚೀಲಕ್ಕೆ ತುಂಬೋಕೆ ಹೋಗಿದ್ದು ನಾನಂತೂ ನೋಡಿಲ್ಲ. ಯಾಕಂದರೆ ಎದುರಿಗಿರೋನು ಮನುಷ್ಯ. ಅನುಮಾನ ಬಂದರೆ ಮುಖ ನೋಡ್ತಾನೆ, 'ಯಾವ್ದು, ಹೊಲದ್ದಾ?' ಅಂತ ಕೇಳ್ತಾನೆ. ಕಂಪೈಲರ್ ಕೇಳೋದಿಲ್ಲ. ಅದಕ್ಕೆ ಎಡಬಲದ ಟೈಪ್ ಸಿಕ್ಕರೆ ಸಾಕು, ನಿಯಮದ ಪ್ರಕಾರ ಒಂದು ಅರ್ಥ ಆರಿಸಿಕೊಂಡು ಕೆಲಸ ಮುಗಿಸಿಬಿಡುತ್ತೆ. ಓದುವವನಿಗೆ ಗೊತ್ತಾಯಿತೋ ಇಲ್ಲವೋ ಅದಕ್ಕೆ ಬೇಕಿಲ್ಲ.

ಪೈಥಾನಿನ ಒಂದು ಉದಾಹರಣೆ ಹೇಳ್ತೀನಿ. ಆಫೀಸಿನ ಎಲ್ಲರ ಸಂಬಳದ ಒಂದು ಪಟ್ಟಿ ಇದೆ ಅಂದುಕೊಳ್ಳಿ. ಅದನ್ನು 2ರಿಂದ ಗುಣಿಸಿ. ಅದು ಪೈಥಾನಿನ ಮಾಮೂಲಿ ಲಿಸ್ಟ್ ಆಗಿದ್ದರೆ ಇಡೀ ಪಟ್ಟಿಯೇ ಎರಡು ಸಲ ಬರುತ್ತೆ, ಅಂದರೆ ನೌಕರರ ಸಂಖ್ಯೆ ಡಬಲ್. ಅದೇ ನಂಪೈ ಲೈಬ್ರರಿಯ ಅರೇ ಆಗಿದ್ದರೆ ಪ್ರತಿಯೊಬ್ಬರ ಸಂಬಳ ಡಬಲ್. ಎಚ್‌ಆರ್‌ನವರಿಗೆ ಎರಡೂ ಬೇಡ, ಅದು ಬೇರೆ ಮಾತು. ಪ್ಲಸ್ ಕಥೆಯೂ ಅಷ್ಟೇ. [1, 2] + [3, 4] ಲಿಸ್ಟ್ ಆದರೆ [1, 2, 3, 4], ಅರೇ ಆದರೆ [4, 6]. ಎರಡಕ್ಕೂ ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಕೆಂಪು ಗೆರೆಯೂ ಇಲ್ಲ. ಆ ಒಂದು ಸಾಲು ಓದಿದವನಿಗೆ ಯಾವುದು ನಡೆಯುತ್ತೆ ಅಂತ ತಿಳಿಯಬೇಕಾದರೆ, ಆ ವೇರಿಯಬಲ್ ಎಲ್ಲಿ ಹುಟ್ಟಿತು ಅಂತ ಹತ್ತು ಫಂಕ್ಷನ್ ಹಿಂದಕ್ಕೆ ನಡೆದು ಹೋಗಬೇಕು.

ನಂಪೈನವರಿಗೂ ಈ ಗೊಂದಲದ ಬಿಸಿ ತಟ್ಟಿದೆ. ಒಂದೇ ಗುಣಾಕಾರದ ಚಿಹ್ನೆ ಅರೇಗಳ ನಡುವೆ ಬಂದರೆ ಬಿಡಿ ಬಿಡಿ ಅಂಶಗಳ ಗುಣಾಕಾರ, ಅದೇ ಲೈಬ್ರರಿಯ ಮ್ಯಾಟ್ರಿಕ್ಸ್ ಟೈಪ್ ಆದರೆ ಮ್ಯಾಟ್ರಿಕ್ಸ್ ಗುಣಾಕಾರ. ಕೊನೆಗೆ 2015ರಲ್ಲಿ ಬಂದ ಪೈಥಾನ್ 3.5ರಲ್ಲಿ ಮ್ಯಾಟ್ರಿಕ್ಸ್ ಗುಣಾಕಾರಕ್ಕೆಂದೇ @ ಅನ್ನೋ ಹೊಸ ಆಪರೇಟರ್ ಕೊಡಬೇಕಾಯಿತು. ಒಂದೇ ಪಾತ್ರೆಯಲ್ಲಿ ಹಾಲು, ಸಾರು ಎರಡೂ ಕಾಯಿಸಿ ಸುಸ್ತಾದಮೇಲೆ ಇನ್ನೊಂದು ಪಾತ್ರೆ ಕೊಂಡ ಹಾಗೆ.

ಇನ್ನು ಸಿ ಪ್ಲಸ್ ಪ್ಲಸ್. ಹೆಸರಲ್ಲೇ ಎರಡು ಪ್ಲಸ್ ಇಟ್ಟುಕೊಂಡಿರೋ ಭಾಷೆ, ಕೇಳಬೇಕಾ! ಅಲ್ಲಿ && ಅನ್ನೋ 'ಮತ್ತು' ಚಿಹ್ನೆಯನ್ನೂ ಓವರ್‌ಲೋಡ್ ಮಾಡಬಹುದು. ಇದರ ಅಪಾಯ ಗೊತ್ತಾಗಬೇಕಾದರೆ ಬೋರ್‌ವೆಲ್ ಹತ್ತಿರ ಬನ್ನಿ. 'ನೀರಿದೆ && ಮೋಟಾರ್ ಹಾಕು' ಅಂತ ಬರೆದರೆ, ಮಾಮೂಲಿ && ಮೊದಲು ಎಡಗಡೆ ನೋಡುತ್ತೆ. ನೀರಿಲ್ಲ ಅಂದರೆ ಅಲ್ಲಿಗೇ ನಿಲ್ಲುತ್ತೆ, ಬಲಗಡೆಯ ತಂಟೆಗೇ ಹೋಗೋಲ್ಲ. ನಾವು ಕೋಡ್ ಬರೆಯುವವರು ದಿನಕ್ಕೆ ಹತ್ತು ಸಲ ಈ ಭರವಸೆಯ ಮೇಲೆ ಬದುಕ್ತೀವಿ. ಯಾರಾದರೂ && ಓವರ್‌ಲೋಡ್ ಮಾಡಿದರೋ, ಅದು ಬರೀ ಒಂದು ಫಂಕ್ಷನ್ ಕಾಲ್ ಆಗಿಬಿಡುತ್ತೆ. ಫಂಕ್ಷನ್ ಕರೆಯೋಕೆ ಮುಂಚೆ ಎರಡೂ ಕಡೆಯ ಬೆಲೆ ಬೇಕು. ಅಂದರೆ ನೀರಿಲ್ಲದಿದ್ದರೂ ಮೋಟಾರ್ ಓಡುತ್ತೆ, ಕಾಯಿಲ್ ಸುಡುತ್ತೆ. ಕೋಡ್ ಮಾತ್ರ ನೋಡೋಕೆ ಮೊದಲಿನ ಥರವೇ ಇರುತ್ತೆ, ಒಂದಕ್ಷರ ಬದಲಾಗಿರೋಲ್ಲ.

ಅಲ್ಲೇ ಇನ್ನೊಂದು ತಮಾಷೆ. ಅರ್ಥ ಬದಲಾಯಿಸೋ ಅಧಿಕಾರ ಇದೆ, ಬೋಡ್‌ಮಾಸ್ ಬದಲಾಯಿಸೋ ಅಧಿಕಾರ ಇಲ್ಲ. ^ ಚಿಹ್ನೆಯನ್ನು ಘಾತ ಅಂತ ಮಾಡಿಕೊಳ್ಳೋಣ ಅಂತ ಯಾರಿಗಾದರೂ ಆಸೆ ಬರುತ್ತೆ, ಸಹಜ. ಆದರೆ ಸಿ ಪ್ಲಸ್ ಪ್ಲಸ್ ಕಣ್ಣಲ್ಲಿ ^ ಗಿಂತ ಪ್ಲಸ್ಸೇ ದೊಡ್ಡೋನು. ಹಾಗಾಗಿ ಎಕ್ಸ್ ^ 2 + 1 ಅಂತ ಬರೆದರೆ ಅದು ಎಕ್ಸ್ ವರ್ಗಕ್ಕೆ ಒಂದು ಕೂಡೋದಿಲ್ಲ, ಎಕ್ಸ್ ಘನ ಕಂಡುಹಿಡಿಯುತ್ತೆ. ಎಂಟನೇ ಕ್ಲಾಸಿನ ಹುಡುಗನಿಗೆ ಗೊತ್ತಿರೋ ಗಣಿತವನ್ನು ಮರೆತು ಓದಬೇಕು.

ಜಾವಾ ಮಾಡಿದ ಜೇಮ್ಸ್ ಗಾಸ್ಲಿಂಗ್ ಆಪರೇಟರ್ ಓವರ್‌ಲೋಡಿಂಗನ್ನು ಬೇಕಂತಲೇ ಬಿಟ್ಟರು. ಸಿ ಪ್ಲಸ್ ಪ್ಲಸ್‌ನಲ್ಲಿ ಜನ ಅದನ್ನು ದುರುಪಯೋಗ ಮಾಡೋದನ್ನು ನೋಡಿ ನೋಡಿ ತೆಗೆದುಕೊಂಡ ವೈಯಕ್ತಿಕ ನಿರ್ಧಾರ ಅದು ಅಂತ ಅವರೇ ಹೇಳಿದ್ದಾರೆ. ಗೋ ಭಾಷೆಯವರೂ ಅದೇ ದಾರಿ ಹಿಡಿದರು. ಆದರೆ ಜಾವಾ ತಾನು ಮಾತ್ರ ಒಂದು ವಿನಾಯಿತಿ ಇಟ್ಟುಕೊಂಡಿತು: ಸ್ಟ್ರಿಂಗ್‌ಗಳಿಗೆ ಪ್ಲಸ್. ಅದರಿಂದ 1 + 2 + "ರೂ" ಅಂದರೆ "3ರೂ" ಬರುತ್ತೆ, "ರೂ" + 1 + 2 ಅಂದರೆ "ರೂ12" ಬರುತ್ತೆ. ರೂಪಾಯಿ ಚಿಹ್ನೆ ಹಿಂದೆ ಬಂತೋ ಮುಂದೆ ಬಂತೋ ಅನ್ನೋದರ ಮೇಲೆ ಮೂರು ರೂಪಾಯಿ ಹನ್ನೆರಡಾಗೋದು! ಜಾವಾಸ್ಕ್ರಿಪ್ಟ್ ಬಗ್ಗೆ ಹೆಚ್ಚು ಹೇಳೋಲ್ಲ. ಫಾರ್ಮಿನಲ್ಲಿ ತುಂಬಿದ ಅಂಕಿ ಸ್ಟ್ರಿಂಗ್ ಆಗಿ ಬಂದಿರುತ್ತೆ ಅನ್ನೋದನ್ನು ಮರೆತರೆ, 5 ಕೆಜಿ ಈರುಳ್ಳಿಗೆ 1 ಕೆಜಿ ಸೇರಿಸಿದಾಗ 51 ಕೆಜಿ ಆಗುತ್ತೆ, 1 ಕೆಜಿ ಕಳೆದಾಗ ಸರಿಯಾಗಿ 4 ಕೆಜಿಯೇ ಆಗುತ್ತೆ.

ಇದಿಷ್ಟನ್ನೂ ಇಂಟರ್‌ವ್ಯೂ ಪ್ರಶ್ನೆಗಳ ಲೆಕ್ಕದಲ್ಲಿ ಓದಿ ನಕ್ಕು ಮರೆಯಬಹುದಿತ್ತು. ನನಗೆ ಮರೆಯೋಕೆ ಆಗದಿರೋದು ಒಬ್ಬ ಹುಡುಗನ ಕಾರಣಕ್ಕೆ.

ಹಿಂದೆ ನಾನಿದ್ದ ಒಂದು ಕಂಪನಿ, ಹೆಸರು ಬೇಡ. ಪಾರ್ಸೆಲ್ ಸಾಗಿಸುವವರಿಗೆ ಬಿಲ್ ಹಾಕೋ ಸಾಫ್ಟ್‌ವೇರ್, ಪೈಥಾನ್‌ನಲ್ಲಿ ಬರೆದದ್ದು. ಅದರೊಳಗೆ ರೇಟ್‌ಕಾರ್ಡ್ ಅಂತ ಒಂದು ಕ್ಲಾಸ್. ಯಾವ ಊರಿಗೆ, ಎಷ್ಟು ಕೆಜಿಗೆ, ಎಷ್ಟು ದುಡ್ಡು ಅನ್ನೋ ಪಟ್ಟಿ. ಬಿಲ್ ಲೆಕ್ಕದ ಹೃದಯದಲ್ಲಿ ಇದ್ದದ್ದು ಒಂದೇ ಸಾಲು: ಬೇಸ್ + ಝೋನ್ + ಕ್ಲೈಂಟ್. ಎಷ್ಟು ಮುದ್ದಾಗಿದೆ! ಅದನ್ನು ಬರೆದ ಮಹಾಶಯರು ನಾನು ಸೇರೋ ಹೊತ್ತಿಗೆ ಅಮೆರಿಕಕ್ಕೆ ಹೋಗಿಯಾಗಿತ್ತು. ಆದರೆ ಆ ಸಾಲನ್ನು 'ಎಲಿಗೆಂಟ್' ಅಂತ ಹೊಗಳೋರು ಇನ್ನೂ ಇದ್ದರು. ಆ ಪ್ಲಸ್ ಮಾಡುತ್ತಿದ್ದದ್ದು ಕೂಡೋ ಕೆಲಸ ಅಲ್ಲ. ಎಡಗಡೆಯ ಕಾರ್ಡನ್ನು ತಗೊಂಡು, ಬಲಗಡೆಯ ಕಾರ್ಡಿನಲ್ಲಿ ಯಾವ್ಯಾವ ರೇಟ್ ಇದೆಯೋ ಅದನ್ನೆಲ್ಲ ಅದರ ಮೇಲೆ ಬರೆದುಬಿಡುತ್ತಿತ್ತು. ಕೊನೆಗೆ ಬಂದವನ ಮಾತೇ ಮಾತು. ಹಾಗಾಗಿ ಕ್ಲೈಂಟ್ ಕಾರ್ಡ್, ಅಂದರೆ ಆ ಗಿರಾಕಿಗೆ ಒಪ್ಪಿಕೊಂಡ ವಿಶೇಷ ರೇಟ್, ಕೊನೆಯಲ್ಲೇ ಇರಬೇಕಿತ್ತು.

ಹಾವೇರಿ ಕಡೆಯ ಹುಡುಗ ಪಕ್ಕದ ಟೀಮಿಗೆ ಹೊಸದಾಗಿ ಸೇರಿದ್ದ. ಮೊದಲನೇ ಕೆಲಸ, ಪ್ರೊಬೇಶನ್ನು. ಕನ್ನಡ ಮೀಡಿಯಂ, ನನ್ನ ಥರವೇ. ಕೋಡ್ ಸ್ವಲ್ಪ ಚೊಕ್ಕ ಮಾಡು ಅಂತ ಅವನಿಗೆ ಕೊಟ್ಟಿದ್ದರು. ಅವನು ಇಂಪೋರ್ಟ್‌ಗಳನ್ನೆಲ್ಲ ಇಂಗ್ಲಿಷ್ ಅಕ್ಷರಮಾಲೆ ಕ್ರಮಕ್ಕೆ ತಂದ, ಹಾಗೇ ಈ ಸಾಲನ್ನೂ ಬೇಸ್ + ಕ್ಲೈಂಟ್ + ಝೋನ್ ಅಂತ ಜೋಡಿಸಿದ. ಟೆಸ್ಟ್‌ಗಳೆಲ್ಲ ಪಾಸ್, ಟೆಸ್ಟಿನ ಡೇಟಾದಲ್ಲಿ ಝೋನ್ ಮತ್ತು ಕ್ಲೈಂಟ್ ಕಾರ್ಡ್ ಒಂದನ್ನೊಂದು ಮುಟ್ಟುತ್ತಲೇ ಇರಲಿಲ್ಲ. ಇಬ್ಬರು ಸೀನಿಯರ್‌ಗಳು ರಿವ್ಯೂ ಮಾಡಿ ಅಪ್ರೂವ್ ಒತ್ತಿದರು. ಶುಕ್ರವಾರ ಸಂಜೆ ರಿಲೀಸ್ ಆಯಿತು. ಸೋಮವಾರ ಬೆಳಗ್ಗೆ ಹೊತ್ತಿಗೆ ವಿಶೇಷ ರೇಟಿನ ಗಿರಾಕಿಗಳಿಗೆಲ್ಲ ಮಾಮೂಲಿ ಝೋನ್ ರೇಟಿನ ಬಿಲ್ ಹೋಗಿ, ಫೋನುಗಳು ಹೊಡೆದುಕೊಳ್ಳೋಕೆ ಶುರುವಾಗಿದ್ದವು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನು ಚಹಾ ತಣ್ಣಗಾಗೋಕೆ ಬಿಟ್ಟು ಕೂತಿದ್ದ. "ಸರ, ಪ್ಲಸ್ ಐತಲ್ರಿ. ಹಿಂದ ಮುಂದ ಆದ್ರ ಏನಾಗ್ತೈತಿ ಅನ್ಕೊಂಡೆ ನೋಡ್ರಿ" ಅಂದ. ಅದಕ್ಕೆ ನಾನು ಏನು ಹೇಳಲಿ? ಒಂದನೇ ಕ್ಲಾಸಿನಿಂದ ಬಿಇ ತನಕ ಯಾವ ಮೇಷ್ಟ್ರೂ ಅವನಿಗೆ ಬೇರೆ ಥರದ ಪ್ಲಸ್ಸನ್ನು ನಂಬೋಕೆ ಹೇಳಿಕೊಟ್ಟಿರಲಿಲ್ಲ.

ಅನಾಹುತಕ್ಕೆ ಮೂಲ ಕಾರಣ ಹುಡುಕೋಕೆ ಮೀಟಿಂಗ್ ಕರೆದರು. ಬಿಲ್ಲುಗಳನ್ನು ಸರಿಪಡಿಸೋ ಕೆಲಸ ನಮ್ಮ ಟೀಮಿಗೆ ಬಿದ್ದಿದ್ದರಿಂದ ನಾನೂ ಇದ್ದೆ. ಐದು ಸಲ 'ಯಾಕೆ' ಅಂತ ಕೇಳಬೇಕು ಅನ್ನೋ ಪದ್ಧತಿ ಇದೆಯಲ್ಲ, ಅದು ಎರಡನೇ 'ಯಾಕೆ'ಗೇ ಸುಸ್ತಾಗಿ ನಿಂತಿತು. ಬಿಲ್ ಯಾಕೆ ತಪ್ಪಾಯಿತು? ಕ್ರಮ ಬದಲಾಗಿದ್ದಕ್ಕೆ. ಕ್ರಮ ಯಾಕೆ ಬದಲಾಯಿತು? ಡೆವಲಪರ್ ಕೋಡನ್ನು ಅರ್ಥ ಮಾಡಿಕೊಳ್ಳದೆ ಕೈ ಹಾಕಿದ್ದಕ್ಕೆ. ಮುಗೀತು, ಬರ್ಕೊಳ್ಳಿ.

ನಾನು ಮೂರನೇ 'ಯಾಕೆ' ಕೇಳಿದೆ. ಆ ಪ್ಲಸ್ ಇದ್ದ ಜಾಗದಲ್ಲಿ 'ಓವರ್‌ರೈಡ್ ವಿತ್' ಅಂತ ಒಂದು ಮೆಥಡ್ ಇದ್ದಿದ್ದರೆ, ಪ್ರಪಂಚದ ಯಾವ ಪ್ರೋಗ್ರಾಮರ್ ಆದರೂ ಅದನ್ನು ಅಕ್ಷರಮಾಲೆ ಕ್ರಮದಲ್ಲಿ ಜೋಡಿಸೋಕೆ ಹೋಗುತ್ತಿದ್ದನಾ ಅಂತ. 'ಡಾಕ್‌ಸ್ಟ್ರಿಂಗ್‌ನಲ್ಲಿ ಬರೆದಿದೆಯಲ್ಲ' ಅಂದರು ಆರ್ಕಿಟೆಕ್ಟ್. ಬರೆದಿತ್ತು, ಸುಳ್ಳಲ್ಲ. ನಾಲ್ಕು ಫೋಲ್ಡರ್ ಆಚೆ, ಕ್ಲಾಸಿನ ಹೊಟ್ಟೆಯೊಳಗೆ. ಅದನ್ನು ಓದಬೇಕಾದರೆ ಆ ಪ್ಲಸ್ ಮೇಲೆ ಮೊದಲು ಅನುಮಾನ ಬರಬೇಕು. ಮೆಥಡ್‌ಗೆ ಹೆಸರಿದ್ದರೆ ಸರ್ಚ್ ಮಾಡಬಹುದು, ಯಾರ್ಯಾರು ಬಳಸಿದ್ದಾರೆ ಅಂತ ಪಟ್ಟಿ ತೆಗೀಬಹುದು. ಇಡೀ ಕೋಡ್‌ಬೇಸ್‌ನಲ್ಲಿ ಪ್ಲಸ್ ಅಂತ ಸರ್ಚ್ ಕೊಟ್ಟು ನೋಡಿ. ಜಾತ್ರೆಯಲ್ಲಿ 'ಏ ಮಂಜಾ' ಅಂತ ಕೂಗಿದ ಹಾಗೆ.

ಇಬ್ಬರು ರಿವ್ಯೂ ಮಾಡಿದವರ ಕಣ್ಣಿಗೂ ಅದು ಬೀಳಲಿಲ್ಲ ಅನ್ನೋದು ನನಗೆ ಮುಖ್ಯವಾದ ಸಾಕ್ಷಿ ಅನ್ನಿಸಿತ್ತು. ಮೀಟಿಂಗಿಗೆ ಹಾಗನ್ನಿಸಲಿಲ್ಲ. ಹುಡುಗನ ಪ್ರೊಬೇಶನ್ ಮೂರು ತಿಂಗಳು ಮುಂದಕ್ಕೆ ಹೋಯಿತು. ಕನ್ಫರ್ಮ್ ಆದಮೇಲೆ ಸಂಬಳ ಏರುತ್ತೆ, ಎಜುಕೇಶನ್ ಲೋನಿನ ಕಂತು ನಾನೇ ಕಟ್ತೀನಿ ಅಂತ ಅವನು ಮನೆಗೆ ಹೇಳಿಯಾಗಿತ್ತು. ಆ ಮೂರು ತಿಂಗಳ ಕಂತು ಅವರಪ್ಪನೇ ಕಟ್ಟಿದರು.

ಆಮೇಲೆ ನನಗೆ ಕಾಡಿದ ವಿಚಾರ ಇದು. ಆ ಸಾಲು ಯಾರಿಗೆ ಎಲಿಗೆಂಟ್ ಆಗಿತ್ತು? ಅದನ್ನು ಬರೆದವರಿಗೆ, ಅವರ ಪಕ್ಕದಲ್ಲಿ ಕೂತು ವೈಟ್‌ಬೋರ್ಡಿನ ಮುಂದೆ ಚರ್ಚೆ ಮಾಡಿದವರಿಗೆ. ಒಳಗಿದ್ದವರಿಗೆ ಆ ಪ್ಲಸ್ ಒಂದು ಕಣ್ಸನ್ನೆ ಇದ್ದ ಹಾಗೆ. ಹೊರಗಿಂದ ಬಂದವನಿಗೆ ಸನ್ನೆ ನಡೆದದ್ದೇ ಗೊತ್ತಾಗೋಲ್ಲ. ನಮ್ಮಂಥವರು, ಅಂದರೆ ಊರಿಂದ ಬಂದು ಮೊದಲ ಎರಡು ವರ್ಷ ಮೀಟಿಂಗಿನಲ್ಲಿ ಇಂಗ್ಲಿಷ್ ವಾಕ್ಯ ಜೋಡಿಸಿಕೊಳ್ಳೋ ಹೊತ್ತಿಗೆ ವಿಷಯವೇ ಬದಲಾಗಿಹೋಗಿರೋರು, ಕೇಳಿ ಕಲಿಯೋದು ಕಡಿಮೆ. ಓದಿ ಕಲೀತೀವಿ. ರಾತ್ರಿ ಪಿಜಿಯಲ್ಲಿ ಕೂತು ಒಂದೊಂದು ಸಾಲು ಓದ್ತೀವಿ. ನಮಗೆ ಕೋಡೇ ಮೇಷ್ಟ್ರು. ಆ ಮೇಷ್ಟ್ರು ಪ್ಲಸ್ ಅಂತ ಹೇಳಿ 'ಮೇಲೆ ಬರಿ' ಅನ್ನೋ ಅರ್ಥ ಇಟ್ಟುಕೊಂಡಿದ್ದರೆ ಯಾರ ಹತ್ತಿರ ಹೋಗಿ ಕೇಳೋದು? ಚೆನ್ನಾಗಿ ಮಾತಾಡಬಲ್ಲವನು ಕಾಫಿ ಮೆಷಿನ್ ಹತ್ತಿರವೇ ಇದನ್ನೆಲ್ಲ ತಿಳಿದುಕೊಂಡುಬಿಟ್ಟಿರ್ತಾನೆ.

ಹಾಗಂತ ಓವರ್‌ಲೋಡಿಂಗೇ ಬೇಡ ಅಂತ ನಾನು ಹೇಳೋಲ್ಲ. ಜಾವಾದಲ್ಲಿ ದುಡ್ಡಿನ ಲೆಕ್ಕವನ್ನು ಬಿಗ್‌ಡೆಸಿಮಲ್‌ನಲ್ಲಿ ಬರೆದವರಿಗೆ ಆ ಕಷ್ಟ ಗೊತ್ತು. ಅಸಲು, ಬಡ್ಡಿ, ತೆರಿಗೆ ಇಷ್ಟನ್ನು ಒಂದು ಸೂತ್ರಕ್ಕೆ ತರೋ ಹೊತ್ತಿಗೆ ಆಡ್ ಒಳಗೆ ಮಲ್ಟಿಪ್ಲೈ, ಅದರೊಳಗೆ ಇನ್ನೊಂದು ಸಬ್‌ಟ್ರ್ಯಾಕ್ಟ್, ಕೊನೆಯಲ್ಲಿ ಆರು ಬ್ರಾಕೆಟ್. ಸೂತ್ರ ಸರಿಯಿದೆಯಾ ಅಂತ ನೋಡೋ ಬದಲು ಬ್ರಾಕೆಟ್ ಎಣಿಸ್ತಾ ಕೂರಬೇಕು. ಕಾಂಪ್ಲೆಕ್ಸ್ ಸಂಖ್ಯೆ, ವೆಕ್ಟರ್, ದುಡ್ಡು ಇವುಗಳಿಗೆ ಪ್ಲಸ್ ಬೇಕೇ ಬೇಕು. ಅಲ್ಲಿ ಪ್ಲಸ್ ಅಂದರೆ ಪ್ಲಸ್ಸೇ.

ಪೈಥಾನಿನ ದಿನಾಂಕಗಳು ನನಗೆ ಇಷ್ಟ. ಒಂದು ದಿನಾಂಕದಿಂದ ಇನ್ನೊಂದನ್ನು ಕಳೆದರೆ ನಡುವಿನ ಅವಧಿ ಬರುತ್ತೆ. ದಿನಾಂಕಕ್ಕೆ ಅವಧಿಯನ್ನು ಕೂಡಿದರೆ ಹೊಸ ದಿನಾಂಕ ಬರುತ್ತೆ. ಎರಡು ದಿನಾಂಕಗಳನ್ನೇ ಕೂಡೋಕೆ ಹೋದರೆ? ಎರರ್. ಯುಗಾದಿ ಪ್ಲಸ್ ದೀಪಾವಳಿ ಅಂದರೆ ಏನೂ ಇಲ್ಲವಲ್ಲ, ಅದಕ್ಕೆ ಅದು ಇಲ್ಲ ಅಂತಲೇ ಹೇಳುತ್ತೆ. ಚಿಹ್ನೆಗೆ ಅರ್ಥ ಕೊಟ್ಟವರು ಎಲ್ಲಿ ಅರ್ಥ ಕೊಡಬಾರದು ಅಂತಲೂ ಯೋಚಿಸಿದ್ದಾರೆ.

ಅದೇ ಪೈಥಾನಿನಲ್ಲಿ ಎರಡು ಡಿಕ್ಷನರಿಗಳನ್ನು ಬೆಸೆಯೋಕೆ ಒಂದು ಆಪರೇಟರ್ ಬೇಕು ಅಂತ ಪ್ರಸ್ತಾಪ ಬಂತು. ಮೊದಲು ಪ್ಲಸ್ಸನ್ನೇ ಕೇಳಿದ್ದರು. ವಾದ ವಿವಾದ ನಡೆದು, ಕೊನೆಗೆ 2020ರ ಪೈಥಾನ್ 3.9ರಲ್ಲಿ | ಚಿಹ್ನೆ ಕೊಟ್ಟರು. ಅಲ್ಲೂ ಒಂದೇ ಕೀ ಎರಡರಲ್ಲೂ ಇದ್ದರೆ ಬಲಗಡೆಯದ್ದೇ ಗೆಲ್ಲೋದು, ನಮ್ಮ ರೇಟ್‌ಕಾರ್ಡ್ ಥರವೇ. ಆದರೆ | ನೋಡಿದ ಕೂಡಲೇ 'ಇದೇನೋ ಬೇರೆ' ಅಂತ ಕೈ ಒಂದು ಕ್ಷಣ ನಿಲ್ಲುತ್ತೆ. ಪ್ಲಸ್ ನೋಡಿದರೆ ನಿಲ್ಲೋಲ್ಲ. ನನ್ನ ತಕರಾರು ಇರೋದು ಆ ಒಂದು ಕ್ಷಣದ ಬಗ್ಗೆ.

ಆ ಹುಡುಗ ಆಮೇಲೆ ಕನ್ಫರ್ಮ್ ಆದ, ವರ್ಷ ತುಂಬೋ ಹೊತ್ತಿಗೆ ಬೇರೆ ಕಂಪನಿ ನೋಡಿಕೊಂಡ. ನಾನೂ ಬಿಟ್ಟೆ. ನಾನು ಬಿಡೋ ದಿನಕ್ಕೂ ಆ ಸಾಲು ಹಾಗೇ ಇತ್ತು. ಅದರ ನೆತ್ತಿಯ ಮೇಲೆ 'ಕ್ರಮ ಬದಲಾಯಿಸಬೇಡಿ' ಅಂತ ಒಂದು ಕಾಮೆಂಟ್ ಮಾತ್ರ ಹೊಸದಾಗಿ ಬಂದು ಕೂತಿತ್ತು, ಟ್ರಾನ್ಸ್‌ಫಾರ್ಮರ್‌ಗೆ ತಗುಲಿಹಾಕಿದ ಅಪಾಯದ ಬೋರ್ಡಿನ ಹಾಗೆ.

ಈಗಿರೋ ಟೀಮಿನಲ್ಲಿ ಕಳೆದ ತಿಂಗಳು ಒಬ್ಬರು ಕ್ಯೂಗೆ ಕೆಲಸ ಸೇರಿಸೋಕೆ << ಚಿಹ್ನೆ ಓವರ್‌ಲೋಡ್ ಮಾಡಿ ರಿವ್ಯೂಗೆ ಕಳಿಸಿದರು. ನೋಡೋಕೆ ಚೆಂದವೇ ಇತ್ತು. ಮೂರು ಜನ ನಲವತ್ತು ನಿಮಿಷ ಕಿತ್ತಾಡಿದ್ವಿ. ಕೊನೆಗೆ ಅವರು 'ಎನ್‌ಕ್ಯೂ' ಅಂತ ಹೆಸರು ಹಾಕಿದರು, ಗೊಣಗಿಕೊಂಡೇ. ಹೊಸದಾಗಿ ಸೇರಿದ ಇಬ್ಬರು ಆ ಚರ್ಚೆಯಲ್ಲಿ ಒಂದು ಮಾತೂ ಆಡಲಿಲ್ಲ, ಸುಮ್ಮನೆ ನೋಟ್ಸ್ ಬರ್ಕೊಳ್ತಿದ್ದರು. ಮರುದಿನ ಅವರಲ್ಲೊಬ್ಬಳು ನನ್ನ ಡೆಸ್ಕಿಗೆ ಬಂದು, "ಸರ್, ಪಕ್ಕದ ಫೈಲ್‌ನಲ್ಲಿ ಎರಡು ಫಿಲ್ಟರ್ ಮಧ್ಯೆ ಒಂದು ಮೈನಸ್ ಇದೆ, ಅದೇನು ಮಾಡುತ್ತೆ?" ಅಂದಳು. ನನಗೂ ಗೊತ್ತಿರಲಿಲ್ಲ. ಕುರ್ಚಿ ಎಳ್ಕೋ, ನೋಡೋಣ ಅಂದೆ. ಊಟದ ಹೊತ್ತಾದರೂ ಹುಡುಕುತ್ತಲೇ ಇದ್ವಿ.